ಗೋಡೆಯೊಳಗಿನ ಚಪ್ಪಲಿ

"ಚಪ್ಪಲಿ ಬಿಚ್ಚೇ ಲೌಡಿ! ಕೋಟೆ ಒಳಕ್ಕೆ ಮೆಟ್ಕೊಂಡು ನುಗ್ತೀಯಾ?"

ಸೂಪರ್‌ವೈಸರ್ ಚನ್ನೇಶ ಕೈಯಲ್ಲಿದ್ದ ಪೈಪಿನಿಂದ ಚಿಕ್ಕಮಾರಮ್ಮನ ಮೊಣಕಾಲಿನ ಹಿಂದಕ್ಕೆ ಬಾರಿಸಿದ. ಅವಳು ಆನೆಬಾಗಿಲ ಹೊಸ್ತಿಲ ಮೇಲೆ ಮುಗ್ಗರಿಸಿ ಬಿದ್ದಳು. ತಲೆಯ ಮೇಲಿದ್ದ ಬಾಂಡ್ಲಿ ಉರುಳಿ ಕಲಸಿದ ಸಿಮೆಂಟೆಲ್ಲ ಮುಖಕ್ಕೆ ಚೆಲ್ಲಿತು.

"ಕಲ್ಲು ಕಾದೈತೆ ಸಾರ್. ಅಂಗಾಲು ಬೊಬ್ಬೆ ಬಂದೈತೆ."

"ಬರ್ಲಿ. ಆ ಕಾಲದಾಗೆ ನಿಮ್ ಕೇರಿಯೋರು ಕೋಟೆ ಒಳ್ಗೆ ಚಪ್ಪಲಿ ಮೆಟ್ತಿರ್ಲಿಲ್ಲ ಕಣೇ. ಎಲ್ಲಾ ಒರಿಜಿನಲ್ಲಾಗೇ ಇರ್ಬೇಕು ಅಂತ ಓನರ್ ಹೇಳವ್ರೆ."

ಅದು ಯಾವ ಕಾಲವೆಂದು ಕೇಳುವಂತಿರಲಿಲ್ಲ. ಅಂಥ ಕಾಲವೇ ಇರಲಿಲ್ಲವಲ್ಲ! ಕುಣಿಗಲ್ ರಸ್ತೆಯ ಪಕ್ಕದ ಆ ನೆಲದಲ್ಲಿ ಮೊನ್ನೆಮೊನ್ನೆಯವರೆಗೂ ಇದ್ದದ್ದು ತೆಂಗಿನ ತೋಟ. ತೋಟ ಕೊಂಡ ಭಾನುಪ್ರಕಾಶ್ ಮರಗಳನ್ನು ಉರುಳಿಸಿ, ಬೆಂಗಳೂರಿನ ಜನ ಬಂದು ರಜೆ ಕಳೆಯಲಿ ಎಂದು ಒಂದು ಹಳೆಯ ಊರನ್ನು ಹೊಸದಾಗಿ ಕಟ್ಟಿಸುತ್ತಿದ್ದ. ಅದರ ಹೆಸರು ಮಾಣಿಕ್ಯಕೋಟೆ. ಸುತ್ತಲೂ ಎತ್ತರದ ಗೋಡೆ, ದಿಕ್ಕಿಗೊಂದು ಬಾಗಿಲು. ಆನೆಬಾಗಿಲು ಹೊಕ್ಕರೆ ರಾಜಬೀದಿ, ಎಡಕ್ಕೆ ಜವಳಿಯವರ ಬೀದಿ, ಬಲಕ್ಕೆ ಅಕ್ಕಸಾಲಿಗರದು, ಹಿಂದೆ ಕೊಬ್ಬರಿ ಬೀದಿ, ನಡುವೆ ಆಳೆತ್ತರದ ತಕ್ಕಡಿ ತೂಗುಹಾಕಿದ ಕಟ್ಟೆ. ಮಾಣಿಕರಾಯನೆಂಬ ದೊರೆ ಇದನ್ನು ಕಟ್ಟಿಸಿದನಂತೆ. ಅರಬರ ಕುದುರೆ, ಚೀನದ ರೇಷ್ಮೆ ಇಲ್ಲಿ ಬಿಕರಿಯಾಗುತ್ತಿದ್ದವಂತೆ. ಆ ದೊರೆ ಹುಟ್ಟಿದ್ದು ಭಾನುಪ್ರಕಾಶನ ಲ್ಯಾಪ್‌ಟಾಪಿನಲ್ಲಿ.

ಊರಿನ ನಕ್ಷೆಯನ್ನು ಬಾಗಿಲ ಬಳಿ ದೊಡ್ಡ ಬೋರ್ಡಿನಲ್ಲಿ ಬರೆಸಿದ್ದರು. ಕುದುರೆಗಳಿಗೂ ಅದರಲ್ಲಿ ಜಾಗವಿತ್ತು. ಕಟ್ಟುವವರಿಗೆ ಮಾತ್ರ ಬೀದಿಯಿರಲಿಲ್ಲ. ಅವರ ತಗಡಿನ ಶೆಡ್ಡುಗಳು ಗೋಡೆಯಾಚೆ ಚರಂಡಿಯ ದಂಡೆಗಿದ್ದವು. ಇಡೀ ಮಾಣಿಕ್ಯಕೋಟೆಯಲ್ಲಿ ನಿಜಕ್ಕೂ ಹಳೆಯದು ಹೀಗೆ ಹೊರಗಿಡುವ ಆ ರೀತಿಯೊಂದೇ.

"ಏಳು ಮೇಲೆ. ಓನರ್ ಕರೀತಾವ್ರೆ," ಎಂದು ಚನ್ನೇಶ ಅವಳ ರಟ್ಟೆ ಹಿಡಿದೆಳೆದ.

ಆಫೀಸಿಗೆ ಹೋಗುವ ದಾರಿ ಇನ್ನೊಂದು ದಿಕ್ಕಿನ ಉಪ್ಪಿನಬಾಗಿಲ ಗೋಡೆಯ ಪಕ್ಕದಲ್ಲೇ ಇತ್ತು. ಚಿಕ್ಕಮಾರಮ್ಮ ತಲೆ ತಗ್ಗಿಸಿದಳು. ಅವಳ ಗಂಡ ಅಂಜಿನಪ್ಪ ಸತ್ತದ್ದು ಅಲ್ಲೇ. ಕಬ್ಬಿಣದ ಕಂಬಿಯ ಖರ್ಚು ಉಳಿಸಲು ಬರೀ ಇಟ್ಟಿಗೆಯಲ್ಲಿ ಎಬ್ಬಿಸಿದ ಗೋಡೆ ಮಗುಚಿ ಅವನ ಮೇಲೆ ಬಿದ್ದಿತ್ತು. ಬಾಂಡ್ಲಿ ಹೊತ್ತು ನಿಂತಿದ್ದ ಅವಳ ಕಣ್ಣೆದುರಿಗೇ ಬಿದ್ದಿತ್ತು. ಇಟ್ಟಿಗೆ ಸರಿಸಿದಾಗ ಮುಖವೆಂಬುದು ಉಳಿದಿರಲಿಲ್ಲ. ಚನ್ನೇಶ ಹೆಣವನ್ನು ಟಾರ್ಪಾಲಿನಲ್ಲಿ ಸುತ್ತಿಸಿ, ಟ್ರ್ಯಾಕ್ಟರಿನಲ್ಲಿ ಒಯ್ದು ಹೆದ್ದಾರಿಯ ಮಗ್ಗುಲಿಗೆ ಎಸೆಸಿದ. ಯಾವುದೋ ಲಾರಿ ಗುದ್ದಿ ಹೋಯಿತೆಂದು ಕೇಸು ಮುಗಿಯಿತು. ಬಾಯಿಬಿಟ್ಟರೆ ಮಗಳು ವನಜಾಕ್ಷಿಯೂ ಅದೇ ರಸ್ತೆಯಲ್ಲಿ ಸಿಗುತ್ತಾಳೆಂದು ಹೇಳಿ ಅವಳ ಬಾಯಿ ಮುಚ್ಚಿಸಿದರು.

ಓಪನಿಂಗಿನ ದಿನ ಹತ್ತಿರವಿತ್ತು. ಗೋಡೆಯನ್ನು ಮತ್ತೆ ಎಬ್ಬಿಸಿದರು. ಈ ಸಲವೂ ಕಂಬಿಯಿಲ್ಲ; ಎರಡು ಪದರ ಇಟ್ಟಿಗೆ, ಅವುಗಳ ನಡುವೆ ಬಿದ್ದ ಗೋಡೆಯದೇ ಚೂರು. ಅದನ್ನು ತುಂಬಲು ಚಿಕ್ಕಮಾರಮ್ಮನನ್ನೇ ಹಚ್ಚಿದ್ದರು. ತುಂಬುವಾಗ ಚೂರುಗಳ ನಡುವೆ ಅಂಜಿನಪ್ಪನ ಎಡಗಾಲ ಚಪ್ಪಲಿ ಕಂಡಿತು. ಟೈರಿನ ಅಟ್ಟೆ, ಕಿತ್ತ ಬಾರಿಗೆ ಅವನೇ ಕೆಂಪು ವೈರಿನಲ್ಲಿ ಹಾಕಿದ್ದ ಹೊಲಿಗೆ. ಅವಳು ಕೈಚಾಚಿದಳು. ಚನ್ನೇಶನ ಬೂಟು ಆ ಕೈಯ ಮೇಲೆ ಕೂತಿತು. "ತುಂಬೇ, ಮುಂಡೆ!" ಎಂದ. ಬೆರಳು ಮುರಿಯಿತು. ಚಪ್ಪಲಿ ಒಳಗೇ ಹೋಯಿತು.

ಭಾನುಪ್ರಕಾಶ್ ಏಸಿ ರೂಮಿನಲ್ಲಿ ಎಳನೀರು ಕುಡಿಯುತ್ತಿದ್ದ. ಅವನು ಬಯ್ಯುವವನಲ್ಲ. ಬಯ್ಯುವುದಕ್ಕೆಂದೇ ಚನ್ನೇಶನನ್ನು ಇಟ್ಟುಕೊಂಡಿದ್ದ.

"ಬಾಮ್ಮ. ನಿನ್ ಗಂಡನ ಹೆಸ್ರು ಶಾಶ್ವತವಾಗಿ ಉಳ್ಸೋಣ ಅಂತಿದೀನಿ. ಹಳೇ ಕೋಟೆ ಅಂದ್ರೆ ಒಂದು ಬಲಿ ಕತೆ ಇರ್ಬೇಕು. ಟೂರಿಸ್ಟ್‌ಗಳು ಕೇಳ್ತಾರೆ. ಗೋಡೆ ನಿಲ್ತಾನೇ ಇರ್ಲಿಲ್ಲ. ಆಗ ಅಂಜಿನ ಅನ್ನೋ ಕೂಲಿ ಬಂದು, 'ನನ್ನ ಒಳಗಿಟ್ಟು ಕಟ್ಟಿ ದೊರೇ' ಅಂದ. ಅವ್ನ ಹೆಂಡ್ತಿ ದಿನಾ ಸಂಜೆ ಆ ಗೋಡೆಗೆ ಆರತಿ ಎತ್ತಿ, ನಗ್‌ನಗ್ತಾ ಅಡ್ಡಬೀಳ್ತಿದ್ಲು. ಆ ಪಾರ್ಟು ನಿಂದು."

ಚಿಕ್ಕಮಾರಮ್ಮ ತಗ್ಗಿಸಿದ್ದ ತಲೆ ಎತ್ತಿದಳು.

"ನನ್ ಗಂಡ ತಾನಾಗಿ ಸಾಯ್ಲಿಲ್ಲ ಸಾರ್. ನೀವು ಸಾಯ್ಸಿದ್ರಿ."

ಚನ್ನೇಶ ಅವಳ ತುರುಬು ಹಿಡಿದು ಮೇಜಿನ ಅಂಚಿಗೆ ಮುಖ ಅಪ್ಪಳಿಸಿದ. ತುಟಿ ಸೀಳಿತು. ಭಾನುಪ್ರಕಾಶ್ ಎಳನೀರಿನ ಬುರುಡೆಯನ್ನು ಆಚೆ ಸರಿಸಿ, "ಮುಖಕ್ಕೆ ಬೇಡ್ವೋ, ಫೋಟೋ ತೆಗೀಬೇಕು," ಎಂದ.

ಓಪನಿಂಗಿನ ಸಂಜೆ ತುಮಕೂರು, ಗುಬ್ಬಿಯ ದೊಡ್ಡ ಮನುಷ್ಯರೂ ಬೆಂಗಳೂರಿನ ಅತಿಥಿಗಳೂ ಕಾರುಗಳಲ್ಲಿ ಬಂದಿಳಿದರು. ಎಲ್ಲರ ಕಾಲಲ್ಲೂ ಮಿರಮಿರ ಮಿಂಚುವ ಬೂಟು, ಚಪ್ಪಲಿ. ಕೂಲಿಯವರನ್ನು ಗೋಡೆಯಾಚೆಯೇ ತಡೆದಿದ್ದರು. ಚಿಕ್ಕಮಾರಮ್ಮನನ್ನು ಮಾತ್ರ ಬರಿಗಾಲಲ್ಲಿ, ಹರಿದ ಸೀರೆಯಲ್ಲಿ ಉಪ್ಪಿನಬಾಗಿಲ ಗೋಡೆಯ ಮುಂದೆ ನಿಲ್ಲಿಸಿ ಕೈಗೆ ಆರತಿ ತಟ್ಟೆ ಕೊಟ್ಟರು. ಪಕ್ಕದಲ್ಲಿ 'ಬಲಿಯಾದ ಕೂಲಿಯ ಹಾರೆ' ಎಂದು ಶೆಡ್ಡಿನಿಂದ ತಂದ ಹಾರೆಯೊಂದಕ್ಕೆ ಸೇವಂತಿಗೆ ಹಾರ ಹಾಕಿ ಒರಗಿಸಿದ್ದರು. ಅದು ಅಂಜಿನಪ್ಪನದೇ ಹಾರೆ. ಪಾಪ, ಅದು ಅವರಿಗೆ ಗೊತ್ತಿರಲಿಲ್ಲ.

ಜರಿ ಪೇಟ ಸುತ್ತಿದ್ದ ಭಾನುಪ್ರಕಾಶ್ ಮೈಕಿನಲ್ಲಿ ಕತೆ ಹೇಳಿದ. "ತಾನಾಗಿಯೇ ಮುಂದೆ ಬಂದ" ಎಂಬಲ್ಲಿ ಅವನ ದನಿ ನಡುಗಿತು. ಒಬ್ಬಾಕೆ ಕಣ್ಣೊರೆಸಿಕೊಂಡಳು. ಚಪ್ಪಾಳೆ ಬಿತ್ತು.

"ನಗೇ," ಎಂದು ಚನ್ನೇಶ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅವಳು ಆರತಿ ತಟ್ಟೆಯನ್ನು ಅವನ ಮುಖಕ್ಕೇ ಎಸೆದಳು. ಹಾರ ಕಿತ್ತೊಗೆದು ಹಾರೆ ಎತ್ತಿದಳು.

"ಸುಳ್ಳು ಬೊಗಳ್ತಾನೆ ಬೋಳಿಮಗ! ಇವ್ನೇ ಕೊಂದವ್ನೆ ನನ್ ಗಂಡುನ್ನ! ಹೆಣ ತಗಂಡೋಗಿ ರೋಡಿಗೆ ಬಿಸಾಕವ್ನೆ!"

ಮೊದಲ ಏಟಿಗೆ ಕಲ್ಲಿನಂತೆ ಬಳಿದಿದ್ದ ಬಣ್ಣದ ಪ್ಲಾಸ್ಟರು ಹಪ್ಪಳದ ಹಾಗೆ ಕಳಚಿತು. ಮತ್ತೆ ಹೊಡೆದಳು. ಮುರಿದ ಬೆರಳು ಜೀವ ಹಿಂಡುತ್ತಿದ್ದರೂ ಹೊಡೆದಳು. ಇಟ್ಟಿಗೆ ಸಡಿಲಿ ಒಳಗಿನ ಚೂರುಗಳು ಬುಳುಬುಳು ಸುರಿದವು. ಅತಿಥಿಗಳು ಇದೂ ನಾಟಕವೇ ಎಂದುಕೊಂಡು ಫೋನುಗಳನ್ನು ಇನ್ನೂ ಮೇಲೆ ಹಿಡಿದರು.

ಚನ್ನೇಶ ಪೈಪು ಬೀಸುತ್ತ ಬಂದ. ಏಟು ಅವಳ ಬೆನ್ನಿಗೆ ಬಿತ್ತು. ಅವಳು ತಿರುಗಿ ಅವನ ಮೊಣಕಾಲಿಗೆ ಹಾರೆ ಬೀಸಿದಳು. ಲಟಕ್ಕೆಂದಿತು. ಮೂಳೆ ಪ್ಯಾಂಟು ಹರಿದು ಹೊರಬಂದಾಗ ಫೋನು ಹಿಡಿದವರಿಗೆ ಇದು ನಾಟಕವಲ್ಲವೆಂದು ತಿಳಿಯಿತು. ಕಿರುಚಾಟ ಎದ್ದಿತು.

ಚಿಕ್ಕಮಾರಮ್ಮ ಚೂರಿನ ರಾಶಿಗೆ ಎರಡೂ ಕೈ ಹಾಕಿ ಕೆದಕಿದಳು. ಚಪ್ಪಲಿ ಸಿಕ್ಕಿತು. ಅಟ್ಟೆಯ ಮೇಲೆ ರಕ್ತ ಕಪ್ಪಗೆ ಒಣಗಿತ್ತು. ಅದನ್ನು ಎದೆಗೊತ್ತಿಕೊಂಡು ಒಮ್ಮೆ ಗೊಳೋ ಎಂದು ಅತ್ತಳು. ಆಮೇಲೆ ಅದನ್ನು ತನ್ನ ಎಡಗಾಲಿಗೆ ಮೆಟ್ಟಿಕೊಂಡಳು. ದೊಡ್ಡದಾಯಿತು, ಆದರೂ ಬಿಡಲಿಲ್ಲ. ಹಾರೆ ಹಿಡಿದು, ಪಟ್ ಪಟ್ ಎಂದು ಸದ್ದು ಮಾಡುತ್ತ ರಾಜಬೀದಿಯ ನಡುವೆ ನಡೆದಳು. ಜರಿ ಪೇಟ ಬೀಳಿಸಿಕೊಂಡ ಭಾನುಪ್ರಕಾಶ್ ಹಿಂದೆ ಹಿಂದೆ ಸರಿಯುತ್ತ ತಕ್ಕಡಿಯ ಕಟ್ಟೆಗೆ ಬೆನ್ನು ತಾಗಿಸಿ ನಿಂತ.

"ಬಾಗ್ಲು ಹಾಕ್ರೋ! ನಾಲ್ಕೂ ಬಾಗ್ಲು ಹಾಕಿ! ಹೊರಗಡೆಯವ್ರು ಒಬ್ರೂ ಒಳಕ್ಕೆ ಬರ್ಬಾರ್ದು!"

ಫೋಟೋಗೆಂದು ಮಾಡಿಸಿದ್ದ ಬಾಗಿಲುಗಳನ್ನು ಸೆಕ್ಯುರಿಟಿಯವರು ಮೊದಲ ಬಾರಿಗೆ ಮುಚ್ಚಿ ಅಗುಳಿ ಹಾಕಿದರು. ಅತಿಥಿಗಳೂ ಒಳಗೇ ಉಳಿದರು.

ಗೋಡೆಯಾಚೆಯಿಂದ ವನಜಾಕ್ಷಿಯ ದನಿ ಬಂತು. "ಅವ್ವಾ! ಅಲ್ಲೇ ಇರವ್ವಾ, ಬಂದೋ!"

ಧಡ್ ಎಂದು ಕೂಲಿಯವರ ಒಂದು ಸುತ್ತಿಗೆ ಹೊರಗಿನಿಂದ ಗೋಡೆಗೆ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಸುತ್ತಲಿಂದಲೂ, ನಾಲ್ಕು ದಿಕ್ಕಿನಿಂದಲೂ ಬೀಳತೊಡಗಿದವು. ಆ ಗೋಡೆಯೊಳಗೆ ಎಲ್ಲೂ ಕಂಬಿಯಿಲ್ಲವೆಂದು ಕಟ್ಟಿದವರಿಗೆಲ್ಲ ಗೊತ್ತಿತ್ತು.