ಎಣ್ಣೆನೀರಿನ ಕ್ರಿಸ್‌ಮಸ್

ಹಂಡೆಯ ಬಿಸಿನೀರನ್ನು ಬಚ್ಚಲಿಗೆ ಚೆಲ್ಲಲು ಹೊರಟ ಚಿಕ್ಕಮ್ಮನ ಕೈಯನ್ನು ವಿಮಲಾ ಗಟ್ಟಿಯಾಗಿ ಹಿಡಿದುಕೊಂಡಳು.

"ಅವರೇ ಕಾಯಿಸಿದ್ದು. ಅವರಿಗೇ ಆಗಲಿ."

ಚಿಕ್ಕಮ್ಮ ಹಂಡೆ ಕೆಳಗಿಟ್ಟಳು. ವಿಮಲಾಳ ಗಂಡ ರಘುರಾಮನ ತಾಯಿಯ ತಂಗಿ ಆಕೆ. ಬೆನ್ನು ಬಾಗಿದ್ದರೂ ಮೈಲಾಪೂರಿನ ಉಡುಪಿ ಕಡೆಯ ಮನೆಗಳಲ್ಲಿ ಹುಟ್ಟುಸಾವಿನ ಶಾಸ್ತ್ರಕ್ಕೆ ಆಕೆಯ ಮಾತೇ ಕೊನೆ.

ಬೆಳಕು ಹರಿಯುವ ಮೊದಲೇ ರಘುರಾಮ ಎದ್ದಿದ್ದ. ಪ್ರತಿ ಕ್ರಿಸ್‌ಮಸ್ಸಿನಂತೆ ಮನೆಮಂದಿಯ ಅಭ್ಯಂಜನಕ್ಕೆ ನೀರು ಕಾಯಲಿಟ್ಟು, ಬಟ್ಟಲಲ್ಲಿ ಎಣ್ಣೆ ಬೆಚ್ಚಗೆ ಮಾಡಿ, ಅಡಿಗೆಮನೆಯ ಗೋಡೆಗೆ ಒರಗಿ ಕೂತವನು ಮತ್ತೆ ಏಳಲಿಲ್ಲ. ಡಾಕ್ಟರು ಬಂದು ಹೋದ ಮೇಲೂ ನೀರು ಹಬೆಯಾಡುತ್ತಲೇ ಇತ್ತು.

"ಹಬ್ಬದ ದಿನ ಸತ್ತರೆ ಆ ಹಬ್ಬ ಮುರೀತದೆ ವಿಮಲಾ," ಚಿಕ್ಕಮ್ಮ ತಗ್ಗಿದ ದನಿಯಲ್ಲಿ ಹೇಳಿದಳು. "ಇನ್ನು ಇದೇ ದಿನ ಮನೆಯಲ್ಲಿ ಮಗು ಹುಟ್ಟಬೇಕು, ಇಲ್ಲಾ ಕೊಟ್ಟಿಗೆಯಲ್ಲಿ ಕರು. ಅಲ್ಲಿವರೆಗೆ ಎಣ್ಣೆ ಇಲ್ಲ, ಕಡುಬು ಇಲ್ಲ."

ಮಗ ದೀಕ್ಷಿತ್ ಅಳುವಿನ ನಡುವೆಯೇ ರೇಗಿದ. "ಫ್ಲ್ಯಾಟಲ್ಲಿ ಕರು ಎಲ್ಲಿಂದ ಬರ್ತದೆ ಅಜ್ಜಿ? ಅಷ್ಟಕ್ಕೂ ಕ್ರಿಸ್‌ಮಸ್ ನಮ್ಮ ಹಬ್ಬ ಹೌದಾ?"

"ಅಲ್ಲದಿದ್ದರೆ ಬೇರೆ ಯಾವ ಹಬ್ಬ ಮಾಡಿದ್ದೀರಾ ಈ ಮನೆಯಲ್ಲಿ?"

ಮೊಮ್ಮಗಳು ವೀಕ್ಷಾ ಎಣ್ಣೆ ಕಾಣದ ಒಣತಲೆಯಲ್ಲಿ ಬಂದು ವಿಮಲಾಳ ಮಡಿಲಿಗೆ ಮುಖ ಒತ್ತಿ ತನ್ನ ಬೆರಕೆ ತಮಿಳಿನಲ್ಲಿ ಕೇಳಿದಳು. "ಪಾಟಿ, ಇನಿಮೇ ಕಡುಬು ಇಲ್ಲಿಯಾ? ಇನ್ನು ಯಾವತ್ತೂ ಇಲ್ವಾ ಅಜ್ಜಿ?"

ಚಿಕ್ಕಮ್ಮ ಎಣ್ಣೆಯನ್ನಾದರೂ ಚೆಲ್ಲು ಎಂದಳು. ವಿಮಲಾ ಹೂಂಗುಟ್ಟಿ, ಬಟ್ಟಲನ್ನು ಅಕ್ಕಿ ಡಬ್ಬಿಯ ಹಿಂದೆ ಮುಚ್ಚಿಟ್ಟಳು.

*

ಮದುವೆಯಾಗಿ ಬಂದ ವರ್ಷ ವಿಮಲಾ ಹಬ್ಬಕ್ಕಾಗಿ ಕಾದು ಕಾದು ಸೋತಿದ್ದಳು. ಕಾರ್ಖಾನೆಗಳ ಬಡಾವಣೆಯಾದ ಗಿಂಡಿಯ ಸಸ್ಯಾಹಾರಿ ಹೋಟೆಲಿನಲ್ಲಿ ರಘುರಾಮ ಅಡಿಗೆಯವನು. ಊರಿಗೆಲ್ಲ ಹಬ್ಬವಾದ ದಿನ ಅವನಿಗೆ ದುಪ್ಪಟ್ಟು ಕೆಲಸ. ಚೌತಿಯೂ ದೀಪಾವಳಿಯೂ ಅವನ ಅಂಗಿಗೆ ಹತ್ತಿದ ತುಪ್ಪದ ವಾಸನೆಯಾಗಿ ಮಾತ್ರ ಮನೆಗೆ ಬರುತ್ತಿದ್ದವು. "ನಮ್ಮದೂ ಬರ್ತದೆ ಮಾರಾಯ್ತಿ, ತಡೀ," ಅನ್ನುತ್ತಿದ್ದ.

ಬಂದದ್ದು ಕ್ರಿಸ್‌ಮಸ್ಸಿಗೆ. ಸುತ್ತಲಿನ ಕಾರ್ಖಾನೆಗಳಿಗೆಲ್ಲ ಅಂದು ಬೀಗ, ಹೋಟೆಲಿಗೂ ರಜೆ. ನಸುಕಿನಲ್ಲೇ ಅವಳನ್ನು ಎಬ್ಬಿಸಿ, ಕಣ್ಣು ಮುಚ್ಚಿಸಿ ಕರೆದೊಯ್ದು, ಹಣ್ಣು ಹೂ ಕನ್ನಡಿ ಜೋಡಿಸಿಟ್ಟ ವಿಷುವಿನ ಕಣಿ ತೋರಿಸಿದ. ಮಣೆ ಹಾಕಿ ಕೂರಿಸಿ ದೀಪಾವಳಿಯ ಎಣ್ಣೆ ತಟ್ಟಿದ. ಮಧ್ಯಾಹ್ನ ಚೌತಿಯ ಕಡುಬು. ಒಂದು ವರ್ಷವೆಲ್ಲ ಒಂದೇ ಹಗಲಿನಲ್ಲಿ ಮನೆಗೆ ಬಂದು ಕೂತಂತಾಗಿತ್ತು.

ಸಂಜೆ ಬೀದಿಯುದ್ದಕ್ಕೂ ಕಾಗದದ ನಕ್ಷತ್ರಗಳು ಹತ್ತಿಕೊಂಡವು. ಊರಲ್ಲಿ ಅಂಥದ್ದನ್ನು ಅವಳು ಕಂಡವಳಲ್ಲ.

"ಇಷ್ಟೆಲ್ಲ ದೀಪ ಯಾರಿಗೆ?"

"ಇವತ್ತು ರಜೆ ಸಿಕ್ಕಿದವರಿಗೆಲ್ಲ," ಅಂದ ರಘುರಾಮ.

ಆಮೇಲೆ ಅದೇ ಪದ್ಧತಿಯಾಯಿತು. ಕೆಳಮನೆಯ ಅಂತೋಣಿಯಮ್ಮನಿಗೆ ಕಡುಬು ಹೋಗುವುದು, ಅವಳಿಂದ ಮೊಟ್ಟೆ ಹಾಕದ ಕೇಕು ಬರುವುದು. ಮೆಟ್ಟಿಲ ಬುಡದಲ್ಲಿ, ದೇವಮಗು ಹುಟ್ಟಿದ ಕೊಟ್ಟಿಗೆಯೆಂದು ಬೊಂಬೆಗಳನ್ನಿಟ್ಟು ಅವಳು ಕಟ್ಟುವ ಗೋದಲಿಯ ಗುಡ್ಡಬಯಲಿಗೆಲ್ಲ ಮಣ್ಣೆಂದರೆ ಹೋಟೆಲಿನ ಕಾಫಿಚರಟ. ರಘುರಾಮನೇ ಒಣಗಿಸಿ ತಂದುಕೊಡುತ್ತಿದ್ದ. ಶಾಲೆಯಲ್ಲಿ ಕ್ರಿಸ್‌ಮಸ್ಸಿಗೆ ಏನು ಮಾಡುತ್ತಾರೆಂದು ಕೇಳಿದಾಗ ಪುಟ್ಟ ದೀಕ್ಷಿತ್ ಎದ್ದು ನಿಂತು, ತಲೆಗೆ ಎಣ್ಣೆ ಹಾಕಿಕೊಳ್ಳುತ್ತಾರೆ ಎಂದಿದ್ದನಂತೆ. ಇಡೀ ಕ್ಲಾಸು ನಕ್ಕದ್ದು ಯಾಕೆಂದು ಅವನಿಗೆ ಬಹಳ ದಿನ ತಿಳಿಯಲಿಲ್ಲ.

*

ಅವನು ಕಾಯಿಸಿದ ನೀರಿನಲ್ಲೇ ಅವನ ಸ್ನಾನವಾಯಿತು. ಚಟ್ಟ ಇಳಿಸುವಾಗ ಮೆಟ್ಟಿಲ ಬುಡದಲ್ಲಿ ಜಾಗ ಸಾಲದೆ ಎಲ್ಲರೂ ನಿಂತರು. ಅಂತೋಣಿಯಮ್ಮ ಆಗಲೇ ತನ್ನ ನಕ್ಷತ್ರದ ದೀಪ ಆರಿಸಿದ್ದಳು. ಈಗ ಗೋದಲಿ ಕಿತ್ತುಬಿಡುತ್ತೇನೆಂದು ಬಗ್ಗಿದಳು.

"ಇರಲಿ," ಎಂದಳು ವಿಮಲಾ. "ಅವರ ಕಾಫಿಚರಟ ಅದು."

ಗಂಡಸರು ಕೈಯೆತ್ತಿ ಚಟ್ಟವನ್ನು ಗೋದಲಿಯ ಮೇಲಿಂದ ದಾಟಿಸಿದರು. ಸೇವಂತಿಗೆಯ ಎಸಳೊಂದು ಹುಲ್ಲಿನ ಮೇಲೆ ಉದುರಿತು. ಕಾಫಿ ಬಣ್ಣದ ಆ ಪುಟ್ಟ ಭೂಮಿಯ ಮೇಲೆ ರಘುರಾಮ ಮೋಡದ ಹಾಗೆ ತೇಲಿಹೋದ. ವಿಮಲಾ ಅಳುವುದನ್ನೂ ಮರೆತು ನೋಡಿದಳು.

ಮನೆ ತೊಳೆದು, ತಲೆಗೆ ನೀರು ಹಾಕಿಕೊಂಡು ಹೊರಬಂದರೆ ಚಿಕ್ಕಮ್ಮ ಕಾಣಲಿಲ್ಲ. ವಿಮಲಾ ಹುಡುಕುತ್ತ ಇಳಿದಳು. ಮುದುಕಿ ಒದ್ದೆ ಸೀರೆಯಲ್ಲೇ ಗೋದಲಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಹುಲ್ಲಿನಲ್ಲಿ ಅಂಗೈಯಗಲದ ಮಗು. ಪಕ್ಕದಲ್ಲಿ ಹಸು, ಹಸುವಿನ ಹೊಟ್ಟೆಗಂಟಿ ಕಿವಿ ಮುರಿದ ಕರು.

"ಇದು ಯಾವಾಗ ಹುಟ್ಟಿದ್ದು?" ಚಿಕ್ಕಮ್ಮ ಅಂತೋಣಿಯಮ್ಮನನ್ನು ಕೇಳಿದಳು. ಅರ್ಧ ಶತಮಾನ ಈ ಊರಲ್ಲಿ ಬಾಳಿದವಳಿಗೆ ಗೊತ್ತಿಲ್ಲದ್ದಲ್ಲ.

"ಇನ್ನಿಕ್ಕಿ ದಾನ್ ಪಾಟಿ. ಇವತ್ತೇ."

"ಬರುವ ವರ್ಷ?"

"ವರುಷಾ ವರುಷಂ ಹುಟ್ತಾರೆ."

"ಈ ಮನೆಯಲ್ಲೇ?"

ಅಂತೋಣಿಯಮ್ಮ ಮೆಟ್ಟಿಲನ್ನೂ ವಿಮಲಾಳನ್ನೂ ನೋಡಿ ಹೌದೆಂದು ತಲೆಯಾಡಿಸಿದಳು. ಚಿಕ್ಕಮ್ಮ ಮಗುವನ್ನು ನೋಡಿದಳು, ಕರುವನ್ನು ನೋಡಿದಳು. ತುಟಿಯಲ್ಲೇ ಏನನ್ನೋ ಕೂಡಿ ಕಳೆದು ಲೆಕ್ಕ ಹಾಕಿದಳು.

"ವಿಮಲಾ, ನೀನು ಆ ಎಣ್ಣೆ ಚೆಲ್ಲಲಿಲ್ಲ ಅಲ್ವಾ?"

ವಿಮಲಾ ಮೇಲೆ ಹೋಗಿ ಅಕ್ಕಿ ಡಬ್ಬಿಯ ಹಿಂದಿನಿಂದ ಬಟ್ಟಲು ತಂದಳು.

"ನಮಗೆ ಸೂತಕ, ಮುಟ್ಟುವ ಹಾಗಿಲ್ಲ," ಚಿಕ್ಕಮ್ಮ ಅಂತೋಣಿಯಮ್ಮನಿಗೆ ಹೇಳಿದಳು. "ಹುಟ್ಟಿದ ಮಗುವನ್ನು ಒಣತಲೆಯಲ್ಲಿ ಮಲಗಿಸ್ತಾರಾ? ನೀನೇ ಹಚ್ಚು."

ವಿಮಲಾ ಬಟ್ಟಲನ್ನು ನೆಲಕ್ಕಿಟ್ಟು ಹಿಂದೆ ಸರಿದಳು. ಅಂತೋಣಿಯಮ್ಮ ಬೆರಳದ್ದಿ ಮಗುವಿನ ನೆತ್ತಿಗೆ ಒಂದು ಹನಿ ಇಟ್ಟಳು. ಆಮೇಲೆ, ಯಾರೂ ಹೇಳದೆಯೇ, ಕರುವಿನ ನೆತ್ತಿಗೂ. ಎಣ್ಣೆ ಮಗುವಿನ ಹಣೆಯಿಂದ ಮೆಲ್ಲನೆ ಇಳಿದು ಕಾಫಿಚರಟದ ಮೇಲೆ ಬಿತ್ತು. ಒಣಗಿದ್ದ ಆ ಮಣ್ಣು ಅದನ್ನು ಹೀರಿಕೊಂಡು, ಅಷ್ಟಗಲ, ಆಗ ತಾನೇ ಮಳೆ ಬಂದ ಹಾಗೆ ಕಪ್ಪಾಯಿತು.