ಭಂಡಾರದ ಅಕ್ಕಿ

ಹಿತ್ತಾಳೆ ತಟ್ಟೆ ಹುಸೇನಬಿಯ ಮುಂದೆ ಬಂದು ನಿಂತಾಗ ಹೊತ್ತು ನೆತ್ತಿಗೇರಿತ್ತು. ತಟ್ಟೆಯಲ್ಲಿ ಬೀರಪ್ಪನ ಗುಡಿಯ ಅರಿಶಿನದ ಭಂಡಾರ ಹಚ್ಚಿದ ಅಕ್ಕಿ. ಇಳಕಲ್ಲಿನ ಸಾವುಕಾರ ಗುರಲಿಂಗಪ್ಪನ ಮಗ್ಗದ ಕಾರ್ಖಾನೆಯಲ್ಲಿ ರೇಷ್ಮೆ ಲಡಿಗಳು ಮಾಯವಾಗಿದ್ದವು. ನೂಲು ಸುತ್ತುವ ಹೆಂಗಸರೆಲ್ಲ ಅಕ್ಕಿ ಅಗಿದು ಉಗುಳಬೇಕು. ಒದ್ದೆಯಾಗಿ ಬಂದರೆ ಸಾಚಾ, ಒಣಹಿಟ್ಟಾಗಿ ಬಂದರೆ ಕಳ್ಳಿ. ಪೊಲೀಸರಿಗೆ ಸುಳ್ಳು ಹಿಡಿಯುವ ಮಷಿನ್ ಬಂದಿದೆಯೆಂದು ಪೇಪರಿನಲ್ಲಿ ಓದಿದ್ದ ಸಾವುಕಾರ, ತನ್ನ ಅಕ್ಕಿಯ ಮುಂದೆ ಅದ್ಯಾವ ಮಷಿನ್ ಎಂದು ಬೆಳಗಿನಿಂದ ಮೆರೆಯುತ್ತಿದ್ದ.

ಜೊತೆಗಾತಿ ರಾಮವ್ವ ನಿನ್ನೆ ಎಂಥ ಧೈರ್ಯದ ಮಾತಾಡಿದ್ದಳು! ಹೀಗೆಲ್ಲ ಪರೀಕ್ಷೆ ಮಾಡಲು ಮಾಲಕರಿಗೆ ಹಕ್ಕಿಲ್ಲವೆಂದು ಯೂನಿಯನ್ನಿನ ಬಾಬುಸಾಬ ಹೇಳಿದ್ದಾನೆ, ಒಬ್ಬರೂ ಬಾಯಿ ತೆರೆಯಬೇಡಿ, ಎಲ್ಲರನ್ನೂ ಕೆಲಸ ಬಿಡಿಸಿದರೆ ಸೀರೆ ಸಾವುಕಾರನ ಅಪ್ಪ ನೇಯುತ್ತಾನೇನು ಎಂದಿದ್ದಳು. ಇವತ್ತು ಎಲ್ಲರಿಗಿಂತ ಮೊದಲು ಅಗಿದವಳು ಅವಳೇ. ಪಾಪ, ಅವಳ ಮನೆಯಲ್ಲೂ ಉಣ್ಣುವ ಬಾಯಿಗಳಿದ್ದವು. ಈಗ ತಲೆ ಎತ್ತದೆ ರಾಟೆ ತಿರುಗಿಸುತ್ತಿದ್ದಳು.

"ನಂದು ರೋಜಾ ಐತ್ರಿ ಸಾವ್ಕಾರ್ರ," ಎಂದಳು ಹುಸೇನಬಿ. "ಹೊತ್ತ ಮುಳುಗಿದ ಮ್ಯಾಲ ಬೇಕಾದ್ರ ಅಗಿತೇನಿ."

"ಕದ್ದಾಕಿಗೆ ನೆವ ಭಾಳ," ಎಂದ ಗುರಲಿಂಗಪ್ಪ. ದನಿ ಏರಿಸಲಿಲ್ಲ. "ಒಲ್ಲೆ ಅಂದ್ರ ನೀನ ಕಳ್ಳಿ ಅಂತ ತಿಳ್ಕೋತೇನಿ."

ಹುಸೇನಬಿ ತಟ್ಟೆಯನ್ನು ನೋಡಿದಳು. ರಂಜಾನ್ ಮುಗಿದೊಡನೆ ಮಗಳು ಬಿಬಿಜಾನಳ ಮದುವೆ. ಕಳ್ಳಿಯ ಮಗಳೆಂಬ ಮಾತು ಬಾದಾಮಿಯ ಬೀಗರ ಕಿವಿಗೆ ಬಿದ್ದರೆ ಮುಗಿದೇಹೋಯಿತು. ತಾನಂತೂ ಕದ್ದಿಲ್ಲ, ಕದಿಯದವಳ ಬಾಯಲ್ಲಿ ಅಕ್ಕಿ ಒದ್ದೆಯಾಗಲೇಬೇಕಲ್ಲ! ಬೀರಪ್ಪ ಸುಳ್ಳಾಡುವ ದೇವರಲ್ಲವೆಂದು ಅವಳೂ ನಂಬಿದ್ದಳು. ಅಲ್ಲಾ ಮಾಫ್ ಮಾಡಲಿ ಎಂದುಕೊಂಡು ಅಕ್ಕಿಯನ್ನು ಬಾಯಿಗೆ ಹಾಕಿಕೊಂಡಳು.

ನಸುಕಿನಿಂದ ಹನಿ ನೀರು ಕಾಣದ ಬಾಯಿ. ಅಗಿದಳು, ಅಗಿದೇ ಅಗಿದಳು. ನಾಲಿಗೆ ಅಂಗುಳಿಗೆ ಅಂಟಿತು. ತಟ್ಟೆಗೆ ಉಗುಳಿದಾಗ ಬಿದ್ದದ್ದು ಒಣ ಹಳದಿ ಹಿಟ್ಟು. ರೋಜಾ ಹಿಡಿದವರ ಬಾಯಿ ಹೀಗೇ ಇರುತ್ತದೆಂದು ಅಲ್ಲಿದ್ದವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೂ ಎಲ್ಲರ ರಾಟೆಗಳೂ ತಿರುಗುತ್ತಲೇ ಇದ್ದವು. ನಾಳೆಯಿಂದ ಬರಬೇಡವೆಂದು ಹೇಳಿ ಸಾವುಕಾರ ಊಟಕ್ಕೆ ಹೋದ. ಹುಸೇನಬಿ ಪೇಟೆಯ ನಡುವೆ ಹಾದು ಮನೆಗೆ ಬಂದಳು.

ಸಂಜೆ ಮಸೀದಿಯ ಬಾಂಗ್ ಕೇಳಿಸಿತು. ಬಿಬಿಜಾನ ಖರ್ಜೂರ ಮತ್ತು ನೀರಿನ ತಂಬಿಗೆ ತಂದಿಟ್ಟು, ತಾಯಿ ಮೊದಲು ರೋಜಾ ಬಿಡಲಿ ಎಂದು ಕಾದು ಕೂತಳು.

"ನೀ ಬಿಡವಾ," ಎಂದಳು ಹುಸೇನಬಿ. "ನಂದು ಇವತ್ತ ರೋಜಾ ಇಲ್ಲ."

ಬಿಬಿಜಾನ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ, ತಾಯಿಯ ತುಟಿಯಂಚಿಗೆ ಇನ್ನೂ ಹತ್ತಿಕೊಂಡಿದ್ದ ಭಂಡಾರವನ್ನು ಒರೆಸತೊಡಗಿದಳು.