ಎರಡನೇ ಗುಳಿ

ಮಹೇಶ್ವರಪ್ಪ ಶಾಮಿಯಾನದ ಕುರ್ಚಿಯಿಂದ ಎದ್ದಿದ್ದನ್ನು ಅಂಪೈರ್ ಜಗದಾಂಬ ಕಂಡಳು. ಅವರು ಪಂದ್ಯಾವಳಿಯ ವೀಕ್ಷಕರು, ಅಂಪೈರುಗಳಿಗೆ ಮೇಲಿನವರು. ಆಟ ನಡೆಯುವಾಗ ಮೈದಾನಕ್ಕೆ ಕಾಲಿಡುವ ಕೆಲಸ ಅವರಿಗಿಲ್ಲ. ಆದರೂ ಬಿಳಿ ಬೂಟು ಹಾಕಿಕೊಂಡು, ಕೆನ್ನೆಗೆ ಅಡಿಕೆ ಹೋಳು ಒತ್ತಿಕೊಂಡು, ಮದುವೆಮನೆಯಲ್ಲಿ ಪಂಕ್ತಿ ವಿಚಾರಿಸಲು ಹೊರಟವರಂತೆ ಬರುತ್ತಿದ್ದರು.

ಅವಳ ಎಡಗೈ ಇನ್ನೂ ಪಕ್ಕಕ್ಕೆ ಚಾಚಿಯೇ ಇತ್ತು, ಮುಷ್ಟಿ ಬಿಗಿದು. ಇಲ್ಲೀಗಲ್ ಪಿಚ್, ಅಂದರೆ ನಿಯಮ ತಪ್ಪಿದ ಎಸೆತ, ಎಂದು ತೋರಿಸುವ ಕೈ ಅದು.

ಶಾಲಾ ಹುಡುಗಿಯರ ಸಾಫ್ಟ್‌ಬಾಲ್. ಶಿಕಾರಿಪುರದ ಮೈದಾನದಲ್ಲಿ ಶಿಕಾರಿಪುರಕ್ಕೂ ಸೊರಬಕ್ಕೂ ಫೈನಲ್. ಕೊನೆಯ ಇನ್ನಿಂಗ್ಸ್, ನಾಲ್ಕು–ನಾಲ್ಕು ಸಮ. ಕೊನೆಯ ಸರದಿ ಸೊರಬದ ಬ್ಯಾಟಿಂಗ್, ಇಬ್ಬರು ಔಟಾಗಿದ್ದರು, ಮೂರನೇ ಬೇಸಿನಲ್ಲಿ ಒಬ್ಬಳು ಓಡಲು ಕಾದು ನಿಂತಿದ್ದಳು. ಶಿಕಾರಿಪುರದ ಗಂಗಾಶ್ರೀ ಎಸೆದ ಚೆಂಡಿಗೆ ಬ್ಯಾಟಿನವಳು ಮೂರನೇ ಸಲವೂ ಗಾಳಿಗೆ ಬೀಸಿದಳು. ಔಟ್ ಎಂದು ಊರೇ ಕೂಗಿತು. ಆದರೆ ಅದಕ್ಕೂ ಮೊದಲೇ ಜಗದಾಂಬ ಕೈ ಚಾಚಿದ್ದಳು. ಎಸೆಯುವವಳ ಕಾಲು ರಬ್ಬರ್ ಪಟ್ಟಿಯಿಂದ ನೆಲ ಉಜ್ಜಿಕೊಂಡೇ ಮುಂದೆ ಬರಬೇಕು. ಗಂಗಾಶ್ರೀ ಹಾರಿ, ಮುಂದೆ ಕಾಲೂರಿ, ಅಲ್ಲಿಂದ ನೂಕಿ ಎಸೆದಿದ್ದಳು. ಅಂದರೆ ಬ್ಯಾಟಿನವಳು ಔಟಲ್ಲ, ಎಸೆದವಳ ತಪ್ಪಿಗೆ ಮೂರನೇ ಬೇಸಿನವಳಿಗೆ ಒಂದು ರನ್. ಸೊರಬ ಗೆದ್ದಂತೆ.

"ಏನ್ರೀ ಜಗದಾಂಬ ಮೇಡಂ, ಕೈಗೆ ಏನಾತು? ಉಳುಕಿತಾ?" ಮಹೇಶ್ವರಪ್ಪ ನಕ್ಕರು.

"ಇಲ್ಲೀಗಲ್ ಪಿಚ್ ಸಾರ್. ಅಲ್ಲಿ ನೋಡಿ, ಗುಳಿ ಬಿದ್ದಿದೆ."

ಇಬ್ಬರೂ ಪಟ್ಟಿಯ ಹತ್ತಿರ ಹೋದರು. ಪಟ್ಟಿಗೆ ಅಂಟಿಕೊಂಡು ಒಂದು ಗುಳಿ. ಒಂದು ಮೊಳ ಮುಂದೆ ಇನ್ನೊಂದು, ಹೊಸ ಮಣ್ಣು ಕಿತ್ತು ಬಂದದ್ದು. ನಡುವೆ ಕಾಲೆಳೆದ ಗೀರೇ ಇರಲಿಲ್ಲ. ಗಂಗಾಶ್ರೀ ತಲೆ ತಗ್ಗಿಸಿ ನಿಂತಿದ್ದಳು.

"ನೋಡು ತಂಗಿ," ಮಹೇಶ್ವರಪ್ಪ ಜಗದಾಂಬಳ ಕಡೆ ಬಾಗಿ ದನಿ ತಗ್ಗಿಸಿದರು. "ಈ ಹುಡುಗಿ ಬೆಳಗ್ಗೆಯಿಂದ ಹಿಂಗೇ ಎಸಿತಿದಾಳೆ. ಎರಡು ಸಲ ನೀನೇ ಬಾಯಲ್ಲಿ ಹೇಳಿ ಸುಮ್ನೆ ಬಿಟ್ಟೆ. ನಾ ಕೂತಲ್ಲಿಂದ ಎಲ್ಲಾ ನೋಡಿದೀನಿ. ಆಗ ಇಲ್ದಿದ್ದ ಕಾನೂನು ಈಗೆಲ್ಲಿಂದ ಬಂತು?"

ಅದು ನಿಜ. ಬೇಸಿಗೆ ಶಿಬಿರದಲ್ಲಿ ತಾನೇ ಕಲಿಸಿದ ಹುಡುಗಿ. "ಗಂಗಾ, ಕಾಲು ನೋಡ್ಕೊಳ್ಳೆ" ಎಂದು ಟೀಚರಮ್ಮನಂತೆ ಗದರಿ ಸುಮ್ಮನಾಗಿದ್ದಳು. ಸೊರಬದ ಅಶ್ವಿನಿ ಮೂರನೇ ಇನ್ನಿಂಗ್ಸ್‌ನಲ್ಲಿ ಒಂದೇ ಒಂದು ಸಲ ಹಾಗೆ ಎಸೆದಾಗ ತಟ್ಟನೆ ಕೈ ಚಾಚಿದ್ದಳು. ಆ ಹುಡುಗಿಯ ಹೆಸರು ಆಗ ಗೊತ್ತಿರಲಿಲ್ಲ. ಹೆಸರು ಗೊತ್ತಿದ್ದವಳಿಗೆ ಬುದ್ಧಿಮಾತು, ಗೊತ್ತಿಲ್ಲದವಳಿಗೆ ನಿಯಮ. ಶಿಕಾರಿಪುರದ ನಾಲ್ಕನೇ ರನ್ ಬಂದದ್ದೇ ಅದರಿಂದ. ಆಗ ಮಹೇಶ್ವರಪ್ಪ ಕುರ್ಚಿಯಿಂದ ಏಳಲಿಲ್ಲ.

"ತೀರ್ಪು ವಾಪಸ್ ತಗೋ. ಔಟ್ ಕೊಡು. ಇಲ್ಲಾಂದ್ರೆ ಆ ಎರಡೂ ವಿಚಾರ ನನ್ನ ವರದೀಲಿ ಬರ್ತವೆ," ಎನ್ನುತ್ತ ಅವರು ಬಿಳಿ ಬೂಟಿನ ತುದಿಯಿಂದ ಎರಡನೇ ಗುಳಿಗೆ ಮಣ್ಣು ಎಳೆದರು. ಅವಸರವೇ ಇಲ್ಲ. ಎಳೆದು, ಮೇಲೆ ಹಿಮ್ಮಡಿಯಿಂದ ಒಮ್ಮೆ ಒತ್ತಿದರು. ತುಳಸಿಕಟ್ಟೆಯ ಮಣ್ಣು ಸರಿಮಾಡಿದ ಹಾಗೆ.

ಜಗದಾಂಬಳಿಗೆ ವಾಕರಿಕೆ ಬಂತು. ಮುಖಗವಸಿನ ಬೆವರು ನಾತ, ಅವರ ಬಾಯಿಯ ಅಡಿಕೆ ವಾಸನೆ, ಆ ಮೆತ್ತಗಿನ ಬೂಟು. ಬೈಯಬೇಕೆಂದು ಬಾಯಿ ತೆರೆದಳು.

"ಆಯ್ತು ಸಾರ್."

ಅದು ಅವಳದೇ ದನಿ. ಮನೆಯಲ್ಲಿ, ಸ್ಟಾಫ್‌ರೂಮಿನಲ್ಲಿ, ಇಪ್ಪತ್ತು ವರ್ಷದಿಂದ ಸವೆದು ಸವೆದು ನುಣುಪಾದ "ಆಯ್ತು". ನಾಲಿಗೆ ಕೇಳದೆಯೇ ಹೊರಗೆ ಹಾಕಿತ್ತು. ಕೈ ಇಳಿಸಿ, ಔಟ್ ಎಂದು ತೋರಿಸಿದಳು.

ಹೆಚ್ಚುವರಿ ಇನ್ನಿಂಗ್ಸ್‌ನಲ್ಲಿ ಶಿಕಾರಿಪುರ ಗೆದ್ದಿತು. ಪಟಾಕಿ ಹೊಡೆದರು. ಮಹೇಶ್ವರಪ್ಪ ಜಿಲೇಬಿ ತಟ್ಟೆ ಹಿಡಿದು, "ತಗೋ ತಂಗಿ, ರಾಜ್ಯಮಟ್ಟದ ಡ್ಯೂಟಿಗೆ ನಿನ್ನ ಹೆಸರೇ," ಎಂದರು. ಬೆರಳಿಗೆ ಅಂಟಿದ ಪಾಕವನ್ನು ಅವಳು ಪ್ಯಾಂಟಿಗೆ ಎಷ್ಟು ಒರೆಸಿದರೂ ಹೋಗಲಿಲ್ಲ.

ಸ್ಕೋರ್ ಶೀಟಿಗೆ ಅಂಪೈರ್ ಸಹಿ ಬೇಕಿತ್ತು. ಕಾರ್ಬನ್ ಇಟ್ಟ ಮೂರು ಹಾಳೆ, ತಂಡಕ್ಕೊಂದು, ಕಚೇರಿಗೊಂದು. ಷರಾ ಜಾಗದಲ್ಲಿ ಅವಳು ಒತ್ತಿ ಬರೆದಳು: ಕೊನೆಯ ಎಸೆತ ಇಲ್ಲೀಗಲ್. ವೀಕ್ಷಕರು ಹೇಳಿದ್ದಕ್ಕೆ ತೀರ್ಪು ಬದಲಿಸಿದೆ. ಇದೇ ತಪ್ಪನ್ನು ಶಿಕಾರಿಪುರಕ್ಕೆ ಎರಡು ಸಲ ಬಿಟ್ಟೆ, ಸೊರಬಕ್ಕೆ ಒಂದು ಸಲವೂ ಬಿಡಲಿಲ್ಲ. ಜಗದಾಂಬ.

ಮಹೇಶ್ವರಪ್ಪ ಓದುವ ಮೊದಲೇ ಎರಡನೇ ಪ್ರತಿ ಹರಿದುಕೊಂಡು ಸೊರಬದವರ ಟೆಂಪೋ ಕಡೆ ನಡೆದಳು. ಹಿಂದಿನಿಂದ, "ಏಯ್, ಇದೇನ್ರೀ ಇದು! ಬೇರೆ ಹಾಳೆ ಬರೀರಿ!" ಎಂಬ ಕೂಗು ಬಂತು. ಅವಳು ನಿಲ್ಲಲಿಲ್ಲ.

ಅಶ್ವಿನಿ ಟೆಂಪೋದ ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುತ್ತಿದ್ದಳು. ಹಾಳೆ ತೆಗೆದುಕೊಂಡು, ತುಟಿ ಆಡಿಸುತ್ತ ಎರಡು ಸಲ ಓದಿದಳು.

"ಹಂಗಾರೆ ನಾವು ಗೆದ್ದಂಗಾ ಮೇಡಂ?"

"ಗೊತ್ತಿಲ್ಲಮ್ಮ. ನಿಮ್ಮ ಸಾರ್ ದೂರು ಕೊಡಬಹುದು. ಕೊಟ್ರೆ ನಾ ಬಂದು ಹೇಳ್ತೀನಿ."

ಹುಡುಗಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕಾಲುಚೀಲದೊಳಗೆ ಸಿಕ್ಕಿಸಿಕೊಂಡಳು.

"ಅಲ್ಲೇ ಹೇಳ್ಬೇಕಿತ್ತಲ್ಲ ಮೇಡಂ," ಎಂದಳು. ಸಿಟ್ಟಿರಲಿಲ್ಲ. ಮುಖ ಮಾತ್ರ ಸ್ವಲ್ಪ ಆಚೆ ತಿರುಗಿಸಿದಳು, ಹಳಸಿದ ಅನ್ನದ ಪಾತ್ರೆಯ ಮುಚ್ಚಳ ತೆಗೆದವರ ಹಾಗೆ.